ಭೀಮನ ಅಮಾವಾಸ್ಯೆಗೆ ಹಿಡಿದ ಗ್ರಹಣ

ಮೊನ್ನೆ ಜುಲೈಯಲ್ಲಿ, ಗ್ರಹಣದ ಹಿಂದಿನ ಸಂಜೆ, ನಮ್ಮತ್ತೆ ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆ ಇಡುತ್ತಿದ್ದರು. ದರ್ಭೆ ಇಟ್ಟರೆ ಉಪ್ಪಿನಕಾಯಿಗೆ ಗ್ರಹಣ ತಟ್ಟುವುದಿಲ್ಲವಂತೆ. ಒಣಹುಲ್ಲಿನ ವಾಸನೆಯೂ ಹುಳಿಖಾರದ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನಾನು ಹಾಸನದ ಅಡಿಗೆಮನೆಯಲ್ಲಿರಲಿಲ್ಲ. ವೆಸ್ಟ್ ಮಾಂಬಲಂನ ಒಂದು ಮುಚ್ಚಿದ ಬಾಗಿಲ ಮುಂದೆ ತೆಂಗಿನಕಾಯಿ ಹಿಡಿದು ನಿಂತಿದ್ದೆ. ಮೈಯೆಲ್ಲ ಸಿಟ್ಟು ಹತ್ತಿಕೊಂಡಿತು. ಹತ್ತು ವರ್ಷ ಕಳೆದರೂ ಆ ಸಿಟ್ಟು ಹಳಸಿಲ್ಲ.

ತೊಂಬತ್ತೊಂಬತ್ತರ ಮಾತು. ನಮ್ಮವರಿಗೆ ಬ್ಯಾಂಕಿನಲ್ಲಿ ಮದ್ರಾಸಿಗೆ ವರ್ಗವಾಗಿ ಎರಡು ವರ್ಷವಾಗಿತ್ತು. ಊರಿನ ಹೆಸರು ಚೆನ್ನೈ ಆಗಿದ್ದರೂ ನಮ್ಮ ಬಾಯಲ್ಲಿ ಅದು ಮದ್ರಾಸೇ. ನಾನು ಹತ್ತಿರದ ಒಂದು ಶಾಲೆಯಲ್ಲಿ ಏಳನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ಸ್ಟೇಷನ್ನಿಗೆ ಹೋಗುವ ಗಲ್ಲಿಯಲ್ಲಿ ಹಳೆಯ ಮನೆ. ಮಹಡಿಯಲ್ಲಿ ನಾವು, ಕೆಳಗೆ ಮುಂಭಾಗದಲ್ಲಿ ಮನೆಯ ಯಜಮಾನಿ ಅಲಮೇಲು ಮಾಮಿ, ಗಂಡ ಸತ್ತು ಬಹಳ ವರ್ಷವಾದ, ಮಡಿಯೆಂದರೆ ಮಡಿ ಎನ್ನುವ ಹೆಂಗಸು, ಹಿಂದಿನ ಪೋರ್ಷನ್ನಿನಲ್ಲಿ ಮದ್ದೂರಿನ ಕಡೆಯ ಮಂಜುಳ ಮತ್ತು ಅವಳ ಗಂಡ ನಾಗರಾಜ. ಅವನಿಗೆ ಅಂಬತ್ತೂರಿನ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್ ಕೆಲಸ. ಮಂಜುಳ ಮದುವೆಯಾಗಿ ಬಂದ ಹೊಸದರಲ್ಲೇ ಬಸುರಿ. ತಮಿಳು ಒಂದಕ್ಷರ ಬರುತ್ತಿರಲಿಲ್ಲ. ಇಡೀ ಊರಿನಲ್ಲಿ ಅವಳಿಗೆ ಮಾತು ಅಂತ ಇದ್ದದ್ದು ನನ್ನೊಬ್ಬಳ ಜೊತೆ.

ಆ ಊರಿನ ಸೂರ್ಯನನ್ನು ನಾನು ಕ್ಷಮಿಸಿಲ್ಲ. ಭೂಮಿ ತನ್ನ ಅಕ್ಷದ ಮೇಲೆ ನೆಟ್ಟಗೆ ನಿಂತು ತಿರುಗಿದ್ದರೆ ಬೇಸಿಗೆ, ಚಳಿ ಎಂಬ ಭೇದವೇ ಇರುತ್ತಿರಲಿಲ್ಲ. ಅದು ವಾಲಿಕೊಂಡು ಸೂರ್ಯನ ಸುತ್ತ ಹೋಗುವುದರಿಂದಲೇ ಋತುಗಳು. ಪುಸ್ತಕದಲ್ಲಿ ಇಷ್ಟೇ ಇರುತ್ತದೆ. ಮದ್ರಾಸಿನಲ್ಲಿ ಆ ವಾಲಿಕೆ ಚರ್ಮಕ್ಕೆ ತಾಗುತ್ತದೆ. ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಯ ಮೇಲೆ ಬಂದು, ಉತ್ತರಕ್ಕೆ ದಾಟಿ, ಆಗಸ್ಟಿನಲ್ಲಿ ವಾಪಸು ಬರುವಾಗ ಇನ್ನೊಮ್ಮೆ ನೆತ್ತಿ ಸುಡುತ್ತಾನೆ. ನಡುವಿನ ತಿಂಗಳುಗಳಲ್ಲಿ ಮಟಮಟ ಮಧ್ಯಾಹ್ನ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉತ್ತರದ ಗೋಡೆ ಕೆಂಡವಾಗುತ್ತದೆ. ಮಂಜುಳನ ಅಡಿಗೆಮನೆ ಇದ್ದದ್ದು ಆ ಗೋಡೆಗೆ.

ಆ ಬೇಸಿಗೆಯಲ್ಲಿ ಊರಿಗೆ ಊರೇ ಹುಚ್ಚು ಹಿಡಿದಂತಿತ್ತು. ನೀರಿನ ಲಾರಿ ಬಂದರೆ ಬೀದಿಯಲ್ಲಿ ಪ್ಲಾಸ್ಟಿಕ್ ಕೊಡಗಳ ಕಾಳಗ. ದಿನಾ ಒಟ್ಟಿಗೆ ಕೂತು ಹೂ ಕಟ್ಟುತ್ತಿದ್ದ ಇಬ್ಬರು ಹೆಂಗಸರು ಒಂದು ಬೆಳಗ್ಗೆ ಜಡೆ ಹಿಡಿದು ಬಿದ್ದಾಡಿ, ಒಬ್ಬಳ ಹಣೆ ಸೀಳಿ, ನೀರಿನ ಜೊತೆ ರಕ್ತವೂ ಚರಂಡಿಗೆ ಹೋದದ್ದನ್ನು ನಾನೇ ನೋಡಿದೆ. ಆದರೆ ಅದು ಬೀದಿಯ ಜಗಳ, ಎಲ್ಲರ ಕಣ್ಣೆದುರು ನಡೆಯುವಂಥದ್ದು, ಬಿಡಿಸಲು ಹತ್ತು ಕೈ. ನಮ್ಮ ಮನೆಯ ಹಿಂದಿನ ಪೋರ್ಷನ್ನಿನದು ಬಾಗಿಲು ಹಾಕಿಕೊಂಡ ಮೇಲಿನದು.

ಮಂಜುಳ ಮಾತಾಡುವಾಗ ಯಾವಾಗಲೂ ಒಂದೇ ಕೆನ್ನೆ ತೋರಿಸುತ್ತಿದ್ದಳು. ಇನ್ನೊಂದು ಕೆನ್ನೆ ಬಾಗಿಲ ಹಿಂದೆ. ನನಗೆ ಅನುಮಾನ ಬಂದು ಒಂದು ದಿನ ಗದ್ದ ಹಿಡಿದು ತಿರುಗಿಸಿದೆ. ಕಣ್ಣಿನ ಕೆಳಗೆ ನೇರಳೆಹಣ್ಣಿನ ಬಣ್ಣ.

"ಏನೇ ಇದು?"

"ಬಾಗ್ಲು ತಗಲ್ತು ಕನಕ್ಕ."

"ಬಾಗಿಲಿಗೆ ಬೆರಳಿರುತ್ತೇನೇ? ನಾಲ್ಕು ಬೆರಳು ಮೂಡಿದೆ."

ಅವಳು ಅತ್ತುಬಿಟ್ಟಳು. ಆಮೇಲೆ ಅವಳೇ ನನಗೆ ಸಮಾಧಾನ ಹೇಳಿದಳು! "ಬಿಸ್ಲು ಕನಕ್ಕ. ಫ್ಯಾಕ್ಟ್ರೀಲಿ ಕುಲುಮೆ ಮುಂದೆ ನಿಂತೂ ನಿಂತೂ ಅವ್ರ ತಲೆ ಕಾದೋಗಿರ್ತದೆ. ಮಳೆ ಬಿದ್ರೆ ಸರಿ ಆಯ್ತಾರೆ." ಜೂನ್‌ನಲ್ಲಿ ನಾಕು ಹನಿ ಬಿತ್ತು, ಅವನು ಸರಿಯಾಗಲಿಲ್ಲ. ಆಗ ಕಾರಣ ಆಕಾಶದಲ್ಲಿ ಇನ್ನೂ ಮೇಲಕ್ಕೆ ಹೋಯಿತು. "ಅಮಾಸೆ ಹುಣ್ಮೆ ಬಂದ್ರೆ ಅವ್ರು ಹಂಗೇಯ. ನಮ್ಮತ್ತೆನೂ ಅಂದವ್ರೆ, ಹುಟ್ಟಿದ ಗಳಿಗೆ ಹಂಗದೆ ಅಂತ."

ನಮ್ಮವರ ಹತ್ತಿರ ಹೇಳಿದರೆ, "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ನೀನು ತಲೆ ಹಾಕಬೇಡ," ಎಂದರು. ಆ ಗಾದೆ ಮಾಡಿದವನು ಕೈಗೆ ಸಿಕ್ಕಿದ್ದರೆ ಕೇಳುತ್ತಿದ್ದೆ: ಇವನು ಹೊಡೆಯಲು ಶುರುಮಾಡುವುದೇ ಉಂಡ ಮೇಲೆ, ಇದಕ್ಕೇನು ಹೇಳುತ್ತೀ ಅಂತ. ಅಂಬತ್ತೂರಿನಿಂದ ಬಂದು, ಕೈಕಾಲು ತೊಳೆದು, ಉಂಡು, ತಟ್ಟೆ ಎತ್ತಿಡುವಷ್ಟರಲ್ಲಿ ಕೆಳಗಿನಿಂದ ಗೋಡೆಗೆ ಏನೋ ಬಡಿದ ಸದ್ದು. ಪಾತ್ರೆಯ ಸದ್ದಾದರೆ ಖಣಲ್ ಅನ್ನಬೇಕು. ಇದು ಖಣಲ್ ಅನ್ನುತ್ತಿರಲಿಲ್ಲ.

ಕೈಲಾದದ್ದು ಅಂದರೆ ನನಗೆ ಪಾಠ ಹೇಳುವುದು. ಸಂಜೆ ಹೊತ್ತು ಮುಳುಗುತ್ತಲೇ, ಅವನು ಬರುವ ಮುಂಚೆ, ಅವಳನ್ನು ತಾರಸಿಗೆ ಕರೆದೊಯ್ಯುತ್ತಿದ್ದೆ. ನನ್ನ ಕ್ಲಾಸಿನ ಸಾಮಾನು ಅಲ್ಲೇ ಇತ್ತು: ಭೂಮಿಗೆ ಒಂದು ಜುಟ್ಟಿನ ತೆಂಗಿನಕಾಯಿ, ಚಂದ್ರನಿಗೆ ನಿಂಬೆಹಣ್ಣು, ಸೂರ್ಯನಿಗೆ ಟಾರ್ಚು. ಟಾರ್ಚನ್ನು ಕಟ್ಟೆಯ ಮೇಲಿಟ್ಟು, ನಿಂಬೆಹಣ್ಣನ್ನು ಅವಳ ಕೈಗೆ ಕೊಟ್ಟು, ಅವಳನ್ನೇ ನಿಂತಲ್ಲಿ ಒಂದು ಸುತ್ತು ತಿರುಗಿಸಿದೆ.

"ನೋಡು, ಚಂದ್ರ ಕರಗೋದೂ ಇಲ್ಲ, ಬೆಳೆಯೋದೂ ಇಲ್ಲ. ಅವನ ಅರ್ಧ ಮೈ ಯಾವಾಗಲೂ ಬಿಸಿಲಲ್ಲೇ ಇರುತ್ತೆ. ಅದರಲ್ಲಿ ನಮ್ಮ ಕಡೆಗೆ ಎಷ್ಟು ಕಾಣತ್ತೋ ಅದು ಮಾತ್ರ ದಿನಾ ಬೇರೆ."

"ಹಂಗಾರೆ ಅಮಾಸೆ ದಿನಾನೂ ಅವ್ನು ಪೂರ್ತಿ ಇರ್ತಾನಾ?"

"ಪೂರ್ತಿ ಇರ್ತಾನೆ. ಬೆಳಕು ಬಿದ್ದಿರೋ ಮುಖ ಆ ಕಡೆಗಿರುತ್ತೆ ಅಷ್ಟೇ. ಅವನು ನಿನ್ನ ಗಂಡನ ತಲೆಯೊಳಗೆ ಹೋಗಿ ಕೂತಿರಲ್ಲ."

ಅವಳು ನಿಂಬೆಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವತ್ತಿನಿಂದ ಅವಳಿಗೆ ಚಂದ್ರನನ್ನು ಗಮನಿಸುವ ಅಭ್ಯಾಸ ಹತ್ತಿತು. ಕೆಲವು ದಿನಗಳ ಮೇಲೆ ಬಟ್ಟೆ ಹಿಂಡುತ್ತಾ ಮೆಲ್ಲಗೆ ಹೇಳಿದಳು: "ನೆನ್ನೆ ಸಪ್ತಮಿ ಕನಕ್ಕ. ಅರ್ಧ ಚಂದ್ರ ಇದ್ದ. ಅಮಾಸೇನೂ ಅಲ್ಲ, ಹುಣ್ಮೇನೂ ಅಲ್ಲ." ಇಷ್ಟೇ ಹೇಳಿದ್ದು. 'ಹೊಡೆದ' ಎಂಬ ಮಾತು ಮಾತ್ರ ಅವಳ ನಾಲಿಗೆಯಿಂದ ಬರಲೇ ಇಲ್ಲ.

ಬಂದದ್ದು ಬೇರೆ ದಾರಿಯಲ್ಲಿ. ಕನ್ನಡದಲ್ಲಿ ಅಡಿ ಎಂದರೆ ಪಾದ, ಅಡಿಗೆ ಎಂದರೆ ಅನ್ನ ಸಾರು. ತಮಿಳಿನಲ್ಲಿ ಅಡಿ ಎಂದರೆ ಏಟು. ಆಷಾಢದ ಕೊನೆಯ ವಾರ ಕೈಪಂಪಿನ ಹತ್ತಿರ ಮಂಜುಳ ನೀರು ಹಿಡಿಯುತ್ತಿದ್ದಳು. ಸೆರಗು ಸರಿದು ಮೊಣಕೈ ಮೇಲಿನ ಕೆಂಪು ಬರೆ ಮಾಮಿಯ ಕಣ್ಣಿಗೆ ಬಿತ್ತು. ನಾನು ಮೆಟ್ಟಿಲ ಮೇಲಿದ್ದೆ.

"ಏಂಡಿ, ಇದು ಎನ್ನ? ಅಡಿಯಾ?" ಎಂದರು ಮಾಮಿ. ಏನೇ ಇದು, ಏಟಾ, ಅಂತ.

ಮಂಜುಳನ ಕಿವಿಗೆ ಅದು 'ಅಡಿಗೆಯಾ' ಎಂದು ಕೇಳಿಸಿತು. ಒಲೆಯ ಮುಂದೆ ಸುಟ್ಟುಕೊಂಡೆಯಾ ಎಂದು ಮಾಮಿಯೇ ನೆಪ ಒದಗಿಸುತ್ತಿದ್ದಾರೆ! ಅವಳಿಗೆ ಹೋದ ಜೀವ ಬಂದಂತಾಯಿತು. ಮುಖ ಅರಳಿಸಿ, "ಹೂಂ ಮಾಮಿ, ಅಡಿಗೆ, ಅಡಿಗೆ! ದಿನಾ ಅಡಿಗೆ!" ಎಂದಳು.

"ದಿನಮುಮಾ? ಯಾರು, ಅವನಾ?" ದಿನಾನಾ, ಹೊಡೆಯುವುದು ಅವನಾ, ಅಂತ.

"ಅವ್ರ್ಗೇ ಮಾಮಿ, ಇನ್ಯಾರ್ಗೆ?" ಎಂದು ನಾಚಿಕೊಂಡು ನಕ್ಕಳು.

ನಗುತ್ತಾ ದಿನಾ ಏಟು ತಿನ್ನುತ್ತೇನೆ ಎನ್ನುವ ಹುಡುಗಿಯನ್ನು ಮಾಮಿ ದಿಗಿಲಿನಿಂದ ನೋಡುತ್ತಾ ನಿಂತರು. ನಾನು ತಿದ್ದಲಿಲ್ಲ. ಯಾಕೆ ತಿದ್ದಬೇಕು? ಭಾಷೆ ತಪ್ಪಿರಬಹುದು, ಸುದ್ದಿ ತಪ್ಪಿರಲಿಲ್ಲ.

ಮಾಮಿ ಸುಮ್ಮನಿರುವ ಜಾತಿಯಲ್ಲ. ಅಮಾವಾಸ್ಯೆಯ ಹಿಂದಿನ ಸಂಜೆ ನಾಗರಾಜ ಗೇಟು ತೆರೆಯುತ್ತಿದ್ದಂತೆ, ಇಸ್ತ್ರಿಯವನು ಹೂವಿನವಳು ಎಲ್ಲರೂ ಇರುವಾಗಲೇ, "ಉನ್ ಪೊಂಡಾಟ್ಟಿಯೇ ಸೊಲ್ಲಿಟ್ಟಾ," ಎಂದು ಶುರುಮಾಡಿದರು. ನಿನ್ನ ಹೆಂಡತಿಯೇ ಹೇಳಿದಳು, ದಿನಾ ಹೊಡೆಯುತ್ತೀಯಂತೆ, ಹೊಟ್ಟೆಯಲ್ಲಿ ಮಗುವಿದೆ, ಇನ್ನೊಂದು ಸಲ ಕೈಯೆತ್ತಿದರೆ ಮನೆ ಖಾಲಿ ಮಾಡು. ಅವನು ಹಲ್ಲು ಕಿರಿದು, ಕೈ ಮುಗಿದು, ಒಳಗೆ ಹೋದ. ಬೀದಿಗೆ ಅವನು ಬಲು ಮೃದು. ಆ ಸಂಜೆ ಕೆಳಗೆ ಏನೂ ಸದ್ದಾಗಲಿಲ್ಲ. ಮಗುವಿಗೆ ಗ್ರಹಣ ತಟ್ಟದಂತೆ ನೋಡಿಕೊಳ್ಳಲು ಅವನ ತಾಯಿ ಕೆಂಪಮ್ಮ ಬಂದಿದ್ದರಲ್ಲ, ಅದಕ್ಕೇ ಅಂದುಕೊಂಡೆ.

ಮರುದಿನ ಎಂಥ ದಿನ! ಮಾಮಿಗೆ ಆಡಿ ಅಮಾವಾಸ್ಯೆ, ಪಿತೃಗಳ ದಿನ. ನಮಗೆ ಭೀಮನ ಅಮಾವಾಸ್ಯೆ, ಗಂಡನ ಪಾದಪೂಜೆಯ ದಿನ. ಮೇಲಿಂದ ಸಂಜೆಗೆ ಸೂರ್ಯಗ್ರಹಣ. ಪ್ರಪಂಚವೇ ಮುಳುಗುತ್ತದೆ ಎಂದು ಪ್ಯಾರೀಸ್ ಕಾರ್ನರ್‌ನಿಂದ ಮಾಂಬಲದವರೆಗೆ ಎಲ್ಲರ ಬಾಯಲ್ಲೂ ಅದೇ. ನನ್ನ ಕ್ಲಾಸಿನ ಮಕ್ಕಳು ಮಾತ್ರ ಸರಿಯಾದ ಪ್ರಶ್ನೆ ಕೇಳಿದ್ದವು: ಪ್ರತಿ ಅಮಾವಾಸ್ಯೆಗೂ ಚಂದ್ರ ಸೂರ್ಯನ ಕಡೆಗೇ ಇರುತ್ತಾನಲ್ಲ ಮಿಸ್, ಪ್ರತಿ ಸಲ ಯಾಕೆ ಗ್ರಹಣ ಆಗಲ್ಲ? ಚಂದ್ರನ ದಾರಿ ಭೂಮಿಯ ದಾರಿಗಿಂತ ಸ್ವಲ್ಪ ಓರೆ. ಸಾಮಾನ್ಯವಾಗಿ ಅವನು ಸೂರ್ಯನ ಸ್ವಲ್ಪ ಮೇಲೋ ಕೆಳಗೋ ನುಸುಳಿಹೋಗುತ್ತಾನೆ, ನೆರಳು ನಮ್ಮನ್ನು ತಪ್ಪಿಸಿಕೊಂಡು ಹೋಗುತ್ತದೆ. ಎರಡು ದಾರಿಗಳೂ ಕೂಡುವ ಜಾಗದಲ್ಲೇ ಅಮಾವಾಸ್ಯೆ ಬಿದ್ದರೆ ಮಾತ್ರ ಮೂವರೂ ಒಂದೇ ಗೆರೆಗೆ ಬಂದು ಸೂರ್ಯನಿಗೆ ಮರೆ. ಆ ಕೂಡುಜಾಗಗಳಿಗೇ ನಮ್ಮ ಹಿರಿಯರು ರಾಹು ಕೇತು ಎಂದು ಹೆಸರಿಟ್ಟದ್ದು.

ಗ್ರಹಣದ ವೇಧೆಯೆಂದು ಬೆಳಕು ಹರಿಯುವ ಮುಂಚೆಯೇ ಪೂಜೆ ಮುಗಿಸಬೇಕಿತ್ತು. ನಾನೂ ನಮ್ಮವರ ಕಾಲು ತೊಳೆದೆ, ಕಾಲಿನ ಉಗುರು ಕತ್ತರಿಸಿಕೊಳ್ಳಿ ಎಂದು ಬೈದದ್ದೂ ಆಯಿತು. ಆಮೇಲೆ ಕೆಂಪಮ್ಮ ತಾಂಬೂಲಕ್ಕೆ ಕರೆದರು. ನಾಗರಾಜ ಮಣೆಯ ಮೇಲೆ ಕೂತಿದ್ದ. ಮಂಜುಳ ಹೊಟ್ಟೆ ಹಿಡಿದುಕೊಂಡು ಬಗ್ಗಿ ಅವನ ಪಾದ ತೊಳೆದು, ಅರಿಶಿನ ಹಚ್ಚಿ, ಹೆಬ್ಬೆರಳಿಗೆ ಕುಂಕುಮವಿಟ್ಟು, ಹಣೆ ಮುಟ್ಟಿಸಿದಳು. ಅವನು, "ಸಾಕೇಳು," ಎಂದು ಹೆಬ್ಬೆರಳಿನಿಂದಲೇ ಅವಳ ಹಣೆಯನ್ನು ಹಿಂದಕ್ಕೆ ದೂಡಿದ. ಕೆಂಪಮ್ಮ ನೋಡಿಯೂ ನೋಡದವರಂತೆ ಆರತಿ ಎತ್ತಿದರು.

ಇನ್ನು ಭಂಡಾರ ಒಡೆಯುವುದು. ಕಡುಬಿನೊಳಗೆ ನಾಣ್ಯವಿಟ್ಟು ಹೊಸಿಲ ಮೇಲಿಡುತ್ತಾರೆ, ಹೆಣ್ಣುಮಗಳ ಅಣ್ಣನೋ ತಮ್ಮನೋ ಮೊಣಕೈಯಿಂದ ಗುದ್ದಿ ಒಡೆಯಬೇಕು. ಗಂಡನ ಪೂಜೆಯ ದಿನವೇ, ಇವಳ ಹಿಂದೆ ಕೈಯಿರುವವರು ಇದ್ದಾರೆ ಎಂದು ತೋರಿಸುವ ಶಾಸ್ತ್ರ ಅದು ಅಂತ ನನ್ನ ಲೆಕ್ಕ. ಮಂಜುಳನಿಗೆ ಅಣ್ಣತಮ್ಮಂದಿರಿಲ್ಲ. "ಇಲ್ಯಾರವ್ರೆ ಒಡಿಯಾಕೆ? ಅಲ್ಲೇ ಮಡಗು," ಎಂದರು ಕೆಂಪಮ್ಮ. ಕಡುಬು ಹೊಸಿಲ ಪಕ್ಕ ಬಾಳೆಲೆಯ ಮೇಲೆ ಹಾಗೇ ಉಳಿಯಿತು.

ಸಂಜೆಯಾಗುತ್ತಲೇ ಬೀದಿ ಬಿಕೋ ಎಂದಿತು. ಆಫೀಸು, ಫ್ಯಾಕ್ಟರಿ ಎಲ್ಲ ಬೇಗ ಬಿಟ್ಟಿದ್ದವು. ಬಾಗಿಲುಗಳು ಮುಚ್ಚಿ, ಕಿಟಕಿಗಳ ಪರದೆ ಬಿದ್ದು, ನಾಯಿ ಸಹ ಇರಲಿಲ್ಲ. ಮಾಮಿ ಒದ್ದೆ ಸೀರೆಯಲ್ಲಿ ಜಪಕ್ಕೆ ಕೂತಿದ್ದರು. ಮಂಜುಳನನ್ನು ಕೆಂಪಮ್ಮ ಒಳಕೋಣೆಯಲ್ಲಿ ಕೂರಿಸಿ, ಕಿಟಕಿಗೆ ಕಂಬಳಿ ಹೊದಿಸಿದ್ದರು. ನಾನು ತಾರಸಿಯ ಮೇಲೆ ಓಣಿಯ ನಾಕಾರು ಮಕ್ಕಳಿಗೆ ಒಂದು ಕೈಯಲ್ಲಿ ಭೂಮಿಯ ತೆಂಗಿನಕಾಯಿ, ಇನ್ನೊಂದರಲ್ಲಿ ಸೂಜಿತೂತಿನ ರಟ್ಟು ಹಿಡಿದು ಗೋಡೆಯ ಮೇಲೆ ಸೂರ್ಯನ ಬಿಂಬ ತೋರಿಸುತ್ತಿದ್ದೆ. ಪಶ್ಚಿಮದಲ್ಲಿ ಇಳಿಯುತ್ತಿದ್ದ ಸೂರ್ಯನ ಮೈಯನ್ನು ಚಂದ್ರ ಒಂದು ಕಡೆಯಿಂದ ತಿನ್ನುತ್ತಾ ಬಂದ. ಬೆಳಕು ಮಂಕಾಯಿತು, ಬಿಸಿಲಿಗೆ ಜ್ವರ ಬಂದಂಥ ಬಣ್ಣ. ಬೇವಿನ ಮರದ ಎಲೆಗಳ ಸಂದಿನಿಂದ ಗೋಡೆಯ ತುಂಬ ಸಣ್ಣ ಸಣ್ಣ ಕುಡುಗೋಲುಗಳು ಬಿದ್ದವು.

ಆಗ ಕೆಳಗಿನಿಂದ ಕೂಗು ಬಂತು.

"ಮಾಮಿ ತಾವ ಏನಂದೆ? ಬೊಗಳು! ಏನಂದೆ?"

ಗ್ರಹಣದ ಹೊತ್ತಿನಲ್ಲಿ ಯಾವ ಬಾಗಿಲೂ ತೆರೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕಾದಿದ್ದು ಅದಕ್ಕೇ.

"ನಾನೇನೂ ಅಂದಿಲ್ಲ! ಅಡಿಗೆ ಅಂದೆ! ಅಡಿಗೆ ಅಂದೆ ಅಷ್ಟೇಯ!"

ಒಂದು ಏಟು. "ಅಡಿಗೆ!" ಇನ್ನೊಂದು. "ಅಯ್ಯೋ, ಅಡಿಗೆ ಅಂದೆ!" ಪ್ರತಿ ಏಟಿಗೂ ಅವಳು ನಿಜವನ್ನೇ ಹೇಳುತ್ತಿದ್ದಳು, ಎರಡೂ ಭಾಷೆಯಲ್ಲಿ.

ಕೈಯಲ್ಲಿ ತೆಂಗಿನಕಾಯಿ ಇರುವುದು ಮರೆತು ಮೆಟ್ಟಿಲು ಹಾರಿಕೊಂಡು ಇಳಿದೆ. ಮಾಮಿ ಆಗಲೇ ಹೊರಗೆ ಬಂದಿದ್ದರು. ಜಪಸರ ಕೈಯಲ್ಲೇ ಇತ್ತು, ಒದ್ದೆ ಸೀರೆಯಿಂದ ನೀರು ಸೋರುತ್ತಿತ್ತು. ಜೀವಮಾನದಲ್ಲಿ ಗ್ರಹಣ ಬಿಡುವ ಮುಂಚೆ ಮಣೆಯಿಂದ ಎದ್ದವರಲ್ಲ. ಹಿಂದಿನ ಪೋರ್ಷನ್ನಿನ ಹೊರಬಾಗಿಲು ತೆರೆದಿತ್ತು. ದರ್ಭೆ ಇಟ್ಟ ಉಪ್ಪಿನಕಾಯಿ ಜಾಡಿಯ ಪಕ್ಕ, ಒಳಕೋಣೆಯ ಬಾಗಿಲಿಗೆ ಕೆಂಪಮ್ಮ ಬೆನ್ನುಕೊಟ್ಟು ನಿಂತಿದ್ದರು.

"ಬ್ಯಾಡಿ, ಬಾಗ್ಲು ತೆಗೀಬ್ಯಾಡಿ! ಬೆಳಕು ಬಿದ್ರೆ ಮಗೀಗೆ ಊನ ಆಯ್ತದೆ!"

"ಬೆಳಕು ಬಿದ್ದರೆ ಊನ ಆಗಲ್ಲ, ನಿಮ್ಮ ಮಗನ ಕೈ ಬಿದ್ದರೆ ಆಗುತ್ತೆ!" ಎಂದು ಕಿರುಚಿದೆ.

ಮಾಮಿ ಹೊಸಿಲು ದಾಟುವಾಗ ಎಲೆಯ ಮೇಲಿನ ಕಡುಬಿನ ಮೇಲೇ ಕಾಲಿಟ್ಟರು. ಅದು ಒಡೆದು ನಾಣ್ಯ ಟಣ್ ಎಂದು ಉರುಳಿತು. ಕೆಂಪಮ್ಮನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಬಾಗಿಲಿಗೆ ಮೊಣಕೈಯಿಂದ ಗುದ್ದಿದರು. ಆ ಚಿಲಕ ಸಡಿಲವೆಂದು ಮನೆ ಕಟ್ಟಿಸಿದವರಿಗೆ ಗೊತ್ತಿಲ್ಲವೇ? ಎರಡನೇ ಗುದ್ದಿಗೆ ಮೊಳೆ ಕಿತ್ತು ಬಂತು.

ಕಂಬಳಿಯ ಕತ್ತಲೆ. ನಾಗರಾಜ ಅವಳ ಜಡೆಯನ್ನು ಮುಂಗೈಗೆ ಸುತ್ತಿಕೊಂಡಿದ್ದ. ಅವಳು ಎರಡೂ ಕೈ ಹೊಟ್ಟೆಗೆ ಒತ್ತಿಕೊಂಡು ಮುಖವನ್ನು ಅವನಿಗೆ ಬಿಟ್ಟುಕೊಟ್ಟಿದ್ದಳು. ಬಾಯಿಂದ ರಕ್ತ ಇಳಿಯುತ್ತಿತ್ತು. ನನಗೆ ಇವತ್ತಿಗೂ ನೆನಪಿರುವುದು ಅವನ ಕಾಲು: ಬೆಳಗಿನ ಅರಿಶಿನ, ಹೆಬ್ಬೆರಳಿನ ಕುಂಕುಮ, ಅವಳ ಹೊಟ್ಟೆಯ ಕಡೆಗೆ ಎತ್ತಿದ್ದ ಕಾಲು.

ಗುರಿಯಿಟ್ಟದ್ದು ತಲೆಗೆ. ನಾನು ವಿಜ್ಞಾನದವಳು, ಆಟೋಟದವಳಲ್ಲ. ತೆಂಗಿನಕಾಯಿ ಗೋಡೆಗೆ ಬಡಿದು, ಪುಟಿದು, ಅವನು ಊರಿಕೊಂಡಿದ್ದ ಇನ್ನೊಂದು ಪಾದದ ಮೇಲೆ ಬಿತ್ತು. ಮೂಳೆ ಲಟಕ್ಕೆಂದದ್ದು ಎಲ್ಲರಿಗೂ ಕೇಳಿಸಿತು. ಜಡೆ ಬಿಟ್ಟು, ಪಾದ ಹಿಡಿದು ಕೂತು, ಊಳಿಟ್ಟ. ಅಡಿಗೆ ಅಡಿ ಬಿದ್ದಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಇನ್ನೊಂದು ಕಾಯಿ ಇಲ್ಲವಲ್ಲ ಎಂದು ಸಂಕಟವಾಯಿತು.

ಮಾಮಿ ಮಂಜುಳನ ಕೈ ಹಿಡಿದು ಎಬ್ಬಿಸಿದರು. ಹೊಸಿಲ ತನಕ ತಂದು, ಅವಳ ಮುಖವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಅದೇ ಪ್ರಶ್ನೆ ಕೇಳಿದರು. "ಸೊಲ್ಲುಡಿ. ಅಡಿಯಾ?"

"ಅದು ಏಟು ಅಂತ ಅರ್ಥ, ಮಂಜುಳ," ಎಂದೆ ನಾನು. "ಹೊಡೆತವಾ ಅಂತ ಕೇಳ್ತಿದಾರೆ."

ಅವಳು ನನ್ನನ್ನು ನೋಡಿದಳು. ಅತ್ತೆಯನ್ನು ನೋಡಿದಳು. ಕೂಗು ಕೇಳಿ ಗ್ರಹಣ ಮರೆತು ಗೇಟಿನವರೆಗೆ ಬಂದಿದ್ದ ಇಸ್ತ್ರಿಯವನನ್ನೂ ಎದುರುಮನೆಯವರನ್ನೂ ನೋಡಿದಳು.

"ಆಮಾ ಮಾಮಿ," ಎಂದಳು. "ಅಡಿ. ಅಮಾಸೆಗಲ್ಲ, ಬಿಸ್ಲಿಗಲ್ಲ. ದಿನಾ ಅಡಿ."

ಹೇಳಿ ಹೊಸಿಲು ದಾಟಿದಳು. ಬೇವಿನ ಮರದಿಂದ ಸೋಸಿ ಬಂದ ಕುಡುಗೋಲು ಬೆಳಕು ಅವಳ ಸೀರೆಯ ಮೇಲೆ, ಹೊಟ್ಟೆಯ ಮೇಲೆಲ್ಲ ಬಿತ್ತು. ಕೆಂಪಮ್ಮ ಕಣ್ಣು ಮುಚ್ಚಿಕೊಂಡರು. ಮಂಜುಳ ಮುಚ್ಚಿಕೊಳ್ಳಲಿಲ್ಲ.

ಆಮೇಲಿನದನ್ನು ಎಳೆಯುವುದಿಲ್ಲ. ಮಾಮಿಯೇ ಅವಳನ್ನು ಮಹಿಳಾ ಠಾಣೆಗೆ ಕರೆದೊಯ್ದರು. ಅಲ್ಲಿಯೂ ಅವಳು ಅದೇ ಮಾತು ಹೇಳಿದಳು. ನಾಗರಾಜ ಕಾಲಿಗೆ ಪಟ್ಟಿ ಸುತ್ತಿಕೊಂಡು, ಮರದಿಂದ ತೆಂಗಿನಕಾಯಿ ಬಿತ್ತು ಎಂದು ಫ್ಯಾಕ್ಟರಿಯಲ್ಲಿ ಹೇಳಿಕೊಂಡು, ತಾಯಿಯನ್ನು ಕರೆದುಕೊಂಡು ಬೇರೆ ಮನೆ ನೋಡಿಕೊಂಡ. ಮಂಜುಳ ಮಾಮಿಯ ಜೊತೆ ಉಳಿದಳು. ನ್ಯಾಯಾಲಯ ಮುಂದೆ ಅವರನ್ನು ಬೇರೆ ಮಾಡಿತು. ಭೂಮಿ ತನ್ನ ವಾಲಿಕೆಯಲ್ಲೇ ಮುಂದಕ್ಕೆ ಹೋಗಿ, ಸೂರ್ಯ ದಕ್ಷಿಣಕ್ಕೆ ಸರಿದು, ಗಾಳಿ ಈಶಾನ್ಯಕ್ಕೆ ತಿರುಗಿ, ಮದ್ರಾಸಿನ ಮಳೆ ಬೀದಿಯನ್ನು ಕೊಚ್ಚಿಕೊಂಡು ಹೋಗುವಂತೆ ಬಿದ್ದ ನವೆಂಬರಿನಲ್ಲಿ ಹೆಣ್ಣುಮಗು ಹುಟ್ಟಿತು. ಗ್ರಹಣದ ಊನ ಹುಡುಕಲು ನೆರೆಹೊರೆಯವರೆಲ್ಲ ಬಂದು ತುಟಿ, ಕಿವಿ, ಬೆರಳು ನೋಡಿ ಹೋದರು. ಏನೂ ಸಿಗಲಿಲ್ಲ. ಮಾಮಿಯ ಹೆಸರನ್ನೇ ಇಟ್ಟರು, ಕರೆಯುವುದು ಅಮ್ಮು ಎಂದು. ನಾವು ವರ್ಗವಾಗಿ ಬರುವಷ್ಟರಲ್ಲಿ ಮಂಜುಳ ಹಿಂದಿನ ಪೋರ್ಷನ್ನಿನಲ್ಲೇ ಕನ್ನಡದ ಹುಡುಗರಿಗೆ ಊಟ ಹಾಕುವ ಮೆಸ್ ಶುರುಮಾಡಿದ್ದಳು.

ಹತ್ತು ವರ್ಷಕ್ಕೆ ಮತ್ತೆ ಭೀಮನ ಅಮಾವಾಸ್ಯೆಗೇ ಸೂರ್ಯಗ್ರಹಣ ಬಂತು, ಈ ಸಲ ಬೆಳ್ಳಂಬೆಳಗ್ಗೆ. ಹಾಸನದಲ್ಲಿ ಮೋಡ ಮುಚ್ಚಿ ಸೂರ್ಯನೇ ಕಾಣಲಿಲ್ಲ. ದರ್ಭೆ ಇಟ್ಟ ಜಾಡಿಯನ್ನು ನೋಡುತ್ತಾ ಕೂತಿದ್ದಾಗ ಫೋನ್ ಬಂತು.

"ಅಕ್ಕ, ಅಮ್ಮು ಗ್ರಹಣ ನೋಡ್ಬೇಕು ಅಂತ ಕುಣೀತಾವ್ಳೆ. ಆ ರಟ್ಟಿಗೆ ತೂತು ಎಷ್ಟು ದೊಡ್ಡದು ಮಾಡ್ಬೇಕು?"

"ಸೂಜಿಯಷ್ಟು ಸಾಕು. ಸೂರ್ಯನ್ನ ನೇರ ನೋಡೋಕೆ ಬಿಡಬೇಡ. ಅದೇನೇ ಸದ್ದು, ಒಗ್ಗರಣೆಯಾ? ಗ್ರಹಣದಲ್ಲಿ ಒಲೆ ಹಚ್ಚಿದೀಯಾ?"

"ಹುಡುಗ್ರು ಕೆಲ್ಸಕ್ಕೆ ಹೋಗ್ಬೇಕಲ್ಲಕ್ಕ, ಗ್ರಹಣ ಅವ್ರ ಹೊಟ್ಟೆ ತುಂಬಿಸ್ತದಾ?"

ಹಿಂದಿನಿಂದ ಅಮ್ಮು ಹಸಿವು ಹಸಿವು ಎಂದು ತಮಿಳಿನಲ್ಲಿ ರಾಗ ಎಳೆದಳು. ಮಂಜುಳ ಫೋನಿನಿಂದ ಬಾಯಿ ಸರಿಸಿ, ಗಟ್ಟಿಯಾಗಿ ಕೂಗಿದಳು: "ಇರೇ, ಅಡಿಗೆ ಆಯ್ತಾ ಅದೆ!"

ಆ ಮಾತನ್ನು ಅವಳ ಬಾಯಲ್ಲಿ ಅಷ್ಟು ಗಟ್ಟಿಯಾಗಿ ಹಿಂದೆ ಕೇಳಿದ್ದು ಆ ಗ್ರಹಣದ ಸಂಜೆಯೇ.

"ಯಾರುಕ್ಕುಮ್ಮಾ ಅಡಿ?" ಎಂದಿತು ಮಗು. ಯಾರಿಗಮ್ಮಾ ಏಟು?

ದಿನಾ ಆಡುವ ತಮಾಷೆಯಿರಬೇಕು. ತಾಯಿ ಮಗಳು ಇಬ್ಬರೂ ಗೊಳ್ಳೆಂದು ನಕ್ಕರು. "ಟೀಚರಕ್ಕ ಲೈನಲ್ಲವ್ರೆ, ಸುಮ್ಕಿರೇ," ಎಂದಳು ಮಂಜುಳ, ನಗು ತಡೆಯಲಾರದೆ.